ಇ ಡ್ರೈವಿನಲ್ಲಿಟ್ಟ ನಕಲು

“ಮೇಷ್ಟ್ರೇ, ಸಿ ಡ್ರೈವ್ ತುಂಬಿದೆ, ಪಕ್ಕದ ಡಿ ಡ್ರೈವ್ ಅರ್ಧ ಖಾಲಿ. ನಡುವಿನ ಗಡಿ ಸರಿಸಿದರೆ ಮುಗಿಯಿತು. ಅದಕ್ಕೆ ಮೊದಲು ಅರ್ಧ ದಿನ ನಕಲು ತೆಗೆಯುತ್ತಾ ಕೂರಬೇಕೇ?”

ಕಂಪ್ಯೂಟರ್ ರಿಪೇರಿ ಕಲಿಯಲು ಬಂದಿದ್ದ ಶಿವಗಂಗೆ ಹೀಗೆ ಕೇಳಿದಳು. ಓಂಕಾರಪ್ಪ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಹಾ ಬುದ್ಧಿವಂತೆ ನೀನು. ಮೌಸ್ ಬಿಟ್ಟು ಈ ಕತೆ ಕೇಳು.”

ಒಬ್ಬ ದರ್ಜಿ ಇದ್ದ. ಮನೆಯಲ್ಲಿ ಕಂಪ್ಯೂಟರ್ ಇಡುವುದೇ ದೊಡ್ಡಸ್ತಿಕೆಯಾಗಿದ್ದ ಕಾಲ ಅದು. ತಾನೇ ಹೊಲಿದ ಹೂವಿನ ಗವಸನ್ನು ಅದಕ್ಕೆ ಹೊದಿಸಿದ್ದ. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವಂತಿರಲಿಲ್ಲ. ನೆನೆದರೆ ನಗು ಬರುತ್ತದೆ. ಆ ದಿನಗಳು ಹೋದವಲ್ಲ ಎಂದು ಬೇಸರವೂ ಆಗುತ್ತದೆ.

ದರ್ಜಿಯ ತಾಯಿ ಊರವರ ಮದುವೆಗಳಲ್ಲಿ ಹಸೆ ಹಾಡು ಹಾಡುತ್ತಿದ್ದವಳು. ಅವಳು ತೀರಿಕೊಂಡ ಮೇಲೆ ಉಳಿದದ್ದು ಮೂರು ಕ್ಯಾಸೆಟ್ಟು. ಅವಕ್ಕೂ ಬೂಷ್ಟು ಹಿಡಿಯತೊಡಗಿದಾಗ ಹಾಡುಗಳನ್ನೆಲ್ಲ ಡಿ ಡ್ರೈವಿಗೆ ಇಳಿಸಿ, ಕ್ಯಾಸೆಟ್ಟುಗಳನ್ನು ಎಸೆದಿದ್ದ. ದಿನಾ ಹೊಲಿಗೆಗೆ ಕೂರುವ ಮುಂಚೆ ಒಂದು ಹಾಡು ಕೇಳುತ್ತಿದ್ದ.

ಒಮ್ಮೆ ಕಸೂತಿಯ ಹೊಸ ಸಾಫ್ಟ್‌ವೇರ್ ಹಾಕಲು ಸಿ ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ರಿಪೇರಿಯವನನ್ನು ಕರೆಸಿದ.

“ಎಲ್ಲದಕ್ಕೂ ನಕಲು ಇದೆಯಾ ಯಜಮಾನರೇ?” ಎಂದು ಅವನು ಕೇಳಿದ.

“ನಿನ್ನೆಯೇ ತೆಗೆದಿಟ್ಟಿದ್ದೇನಪ್ಪ. ಅಮ್ಮನ ಹಾಡಿನ ವಿಷಯದಲ್ಲಿ ಉಡಾಫೆ ಮಾಡುತ್ತೇನೆಯೇ?” ಎಂದ ದರ್ಜಿ.

ಕೆಲಸ ಶುರುವಾಯಿತು. ಗಡಿ ಸರಿಯಬೇಕಾದರೆ ಒಳಗಿರುವುದೆಲ್ಲ ಜಾಗ ಬದಲಿಸಬೇಕು. ಹಳೆಯ ಡಿಸ್ಕು ಅಷ್ಟು ದುಡಿತ ತಾಳದೆ ಅರ್ಧದಲ್ಲೇ ಕೆಟ್ಟು ನಿಂತಿತು. ಮತ್ತೆ ಏಳಲಿಲ್ಲ.

ದರ್ಜಿ ಗಾಬರಿಯಾಗಲಿಲ್ಲ. “ಹೋದರೆ ಹೋಗಲಿ ಬಿಡು. ಹಾಡೆಲ್ಲ ಇ ಡ್ರೈವಿನಲ್ಲಿ ಭದ್ರವಾಗಿವೆ” ಎಂದ.

ಸಿ, ಡಿ, ಇ ಎಂದರೆ ಮೂರು ಬೇರೆ ಬೇರೆ ಡಿಸ್ಕು ಎಂದೇ ಅವನು ತಿಳಿದಿದ್ದ. ಇದ್ದದ್ದು ಒಂದೇ. ಅದರೊಳಗೆ ಗೆರೆ ಎಳೆದು ಮೂರು ಪಾಲು ಮಾಡಿದ್ದರು, ಅಷ್ಟೆ. ರಿಪೇರಿಯವನು ಇದನ್ನು ಬಿಡಿಸಿ ಹೇಳಿದಾಗ ದರ್ಜಿ ಮಗುವಿನ ಹಾಗೆ ಅತ್ತ. ಮತ್ತೊಂದು ಸಲ ತಾಯಿ ಸತ್ತಳು ಎಂದ.

ಕತೆ ಮುಗಿಸಿ ಮೇಷ್ಟ್ರು ಕನ್ನಡಕ ಎತ್ತಿಕೊಂಡರು. ಶಿವಗಂಗೆಗೆ ಸಿಟ್ಟು ಬಂತು.

“ಪಾಪ, ಆ ದರ್ಜಿಗೆ ಹೇಗೆ ಗೊತ್ತಾಗಬೇಕು ಮೇಷ್ಟ್ರೇ? ನಕಲು ಎಲ್ಲಿಟ್ಟಿದ್ದೀರಿ ಎಂದು ರಿಪೇರಿಯವನು ಒಂದು ಮಾತು ಕೇಳಬೇಕಿತ್ತು.”

“ಹೌದು ತಾಯಿ, ಕೇಳಬೇಕಿತ್ತು. ನಾನು ಕೇಳಲಿಲ್ಲ.”