ಬೆಟ್ಟದ ಬುಡಕ್ಕೆ ಕೆಂಪು ಮಣ್ಣು ಬಂದದ್ದು

ಲೋಕ ಹೊಸದಾಗಿತ್ತು ಮಗಾ. ಎಷ್ಟು ಹೊಸದು ಅಂದರೆ, ಯಾವ ಕಡೆಯಿಂದ ಬೀಸಬೇಕು ಅನ್ನುವುದು ಗಾಳಿಗೆ ಇನ್ನೂ ರೂಢಿಯಾಗಿರಲಿಲ್ಲ. ಹೊಳೆಗೆ ತನ್ನ ದಾರಿ ಗೊತ್ತಿರಲಿಲ್ಲ. ಕಾಲಕ್ಕೂ ಆಗ ಎಳೆ ವಯಸ್ಸು. ಒಂದು ಕಡೆ ಕೂರುತ್ತಿರಲಿಲ್ಲ, ದಡದಡ ಓಡುತ್ತಿತ್ತು. ಈಗ ಯುಗಗಟ್ಟಲೆ ಹಿಡಿಯುವ ಕೆಲಸ ಆಗ ಒಂದು ಮಳೆಗಾಲದಲ್ಲಿ ಮುಗಿದುಹೋಗುತ್ತಿತ್ತು.

ಆಗ ನಮ್ಮ ಈ ಬೆಟ್ಟ ಒಂದೇ ಬಂಡೆ. ಬುಡದಿಂದ ತುದಿಯವರೆಗೆ ಒಂದೇ ಕಲ್ಲು. ಒಂದು ಬಿರುಕಿಲ್ಲ, ಒಂದು ಹುಲ್ಲೆಳೆ ಇಲ್ಲ. ಭೂಮಿಯ ಹೊಟ್ಟೆಯಲ್ಲಿ ಕುದಿಯುತ್ತಿದ್ದದ್ದು ಒಳಗೇ ಆರಿ, ಗಟ್ಟಿಯಾಗಿ, ಮೇಲೆದ್ದು ಬಂದು ಕೂತಿತ್ತು.

ಆ ಬೆಟ್ಟಕ್ಕೆ ಮೂವರು ಮಕ್ಕಳು. ಹಿರಿಯವನು ಬೆಣಚ. ಬೆಳ್ಳನೆಯ ಬಿರುಸು ಮೈ, ಮಾತೂ ಬಿರುಸು. ನಡುವಿನವಳು ಕಾಗೆಬಂಗಾರ. ತೆಳ್ಳಗೆ, ಪದರ ಪದರವಾಗಿ, ಮಿಣಮಿಣ ಹೊಳೆಯುವವಳು. ಭೂಮಿತಾಯಿ ಕೊಟ್ಟ ಒಂದಿಷ್ಟು ಕಬ್ಬಿಣವನ್ನು ಅವಳು ಸದಾ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದಳು. ಕಿರಿಯವನು ಮೆದುವ. ನಸುಗೆಂಪು ಬಣ್ಣ, ಹೆಸರಿಗೆ ತಕ್ಕ ಹಾಗೆ ಮೆದು ಸ್ವಭಾವ. ಮೂವರೂ ಬಂಡೆಯ ತುಂಬ ಕೈಗೆ ಕೈ ಹೆಣೆದುಕೊಂಡು ನಿಂತಿದ್ದರು.

"ಕೈ ಬಿಡಬೇಡಿ" ಎಂದು ಬೆಟ್ಟ ದಿನಾ ಹೇಳುತ್ತಿತ್ತು. "ನೀವು ಕೈ ಹಿಡಿದಿದ್ದರೆ ನಾನು ಬೆಟ್ಟ. ನೀವು ಬಿಟ್ಟರೆ ನಾನು ಯಾರು?"

ಒಂದು ದಿನ ಹೊಳೆಯ ಕಡೆಯಿಂದ ನಾಲ್ಕಾರು ಮನೆಯ ಜನ ನಡೆದು ಬಂದರು. ಮುಂದೆ ಬಂದವಳು ಪಾಲವ್ವ. ಗಟ್ಟಿ ಹೆಂಗಸು. ಕಂಕುಳಲ್ಲಿ ಒಂದು ಸೋರೆಬುರುಡೆ, ಅದರೊಳಗೆ ಬಿತ್ತನೆಯ ಸಾಮೆ. ಅವಳ ಹಿಂದೆ ಮಗಳು ಬೊಮ್ಮಕ್ಕ, ತುಂಬಿದ ಬಸುರಿ. ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು.

ಹೊಳೆದಂಡೆ ಬಿಟ್ಟು ಇವರು ಯಾಕೆ ಬಂದರು? ಹೊಳೆಗೆ ಆಗ ಬರೀ ಹುಡುಗಾಟ. ಇವತ್ತು ಒಂದಿಷ್ಟು ಮೆಕ್ಕಲು ತಂದು ಹಾಕುವುದು, ಜನ ಬಿತ್ತಿದರೆ ನಾಳೆ ಬೆಳೆ ಸಮೇತ ಹೊತ್ತುಕೊಂಡು ಹೋಗುವುದು. ಬಿತ್ತಿ ಬಿತ್ತಿ ಕಳೆದುಕೊಂಡು, ಕೊನೆಗೆ ಪಾಲವ್ವನ ಹತ್ತಿರ ಉಳಿದದ್ದು ಆ ಒಂದು ಬುರುಡೆ ಸಾಮೆ. ಅದನ್ನು ತಿಂದರೆ ಮುಂದಕ್ಕೆ ಬೀಜವಿಲ್ಲ. ಬಿತ್ತೋಣವೆಂದರೆ ನಿಲ್ಲುವ ಮಣ್ಣಿಲ್ಲ.

ಬೆಟ್ಟದ ದೊಣೆಯಲ್ಲಿ ತಿಳಿನೀರು ನಿಂತಿತ್ತು. ಚಾಚುಬಂಡೆಯ ಕೆಳಗೆ ಗವಿಯಿತ್ತು. ಬೊಮ್ಮಕ್ಕ ಅಲ್ಲೇ ಕುಸಿದು ಕೂತಳು. "ಅವ್ವಾ, ನನ್ನ ಕೈಲಿ ಇನ್ನು ಒಂದು ಹೆಜ್ಜೆ ಆಗಲ್ಲ."

"ಆಗದಿದ್ದರೆ ಬೇಡ ಬಿಡು. ಇದೇ ನಮ್ಮ ಊರು" ಅಂದಳು ಪಾಲವ್ವ. ಆಮೇಲೆ ತಲೆಯೆತ್ತಿ ಬೆಟ್ಟವನ್ನು ಮಾತಾಡಿಸಿದಳು. "ಬೆಟ್ಟಪ್ಪಾ, ನೆರಳು ಕೊಟ್ಟೆ, ನೀರು ಕೊಟ್ಟೆ. ಇನ್ನೊಂದು ಕೇಳ್ತೀನಿ. ಒಂದಿಷ್ಟು ಮಣ್ಣು ಕೊಡು."

"ಮಣ್ಣಾ? ನನ್ನ ಹತ್ತಿರ ಎಲ್ಲಿದೆ? ನಾನು ಕಲ್ಲು."

"ಕಲ್ಲು ಒಡೆದರೆ ಮಣ್ಣು."

ಬೆಟ್ಟ ಬೆಚ್ಚಿತು. "ಒಡೆಯೋದಾ! ನನ್ನ ಮಕ್ಕಳು ದಿಕ್ಕಿಗೊಬ್ಬರಾಗಿ ಹೋಗ್ತಾರೆ. ನಾನು ಇಲ್ಲದ ಹಾಗೆ ಆಗ್ತೀನಿ. ಇದೊಂದು ಕೇಳಬೇಡ ತಾಯಿ."

ಪಾಲವ್ವ ಮತ್ತೆ ಕೇಳಲಿಲ್ಲ. ಹಾಗಂತ ಎದ್ದೂ ಹೋಗಲಿಲ್ಲ. ಜೊತೆಯವರು ಹೊಳೆಗೆ ಹೋಗಿ ಮೀನು, ಸೊಪ್ಪು ತಂದರು. ಬರಬರುತ್ತ ಅದೂ ಕಡಿಮೆಯಾಯಿತು. "ಬುರುಡೆ ಬಿಚ್ಚು ಪಾಲವ್ವ, ಹಸಿವು" ಅಂದರು. "ಬಿಚ್ಚಲ್ಲ. ಇದು ಬಿತ್ತೋದಕ್ಕೆ" ಅಂದಳು ಪಾಲವ್ವ. "ಎಲ್ಲಿ ಬಿತ್ತುತ್ತೀಯ?" ಅಂದರು. "ಇಲ್ಲೇ" ಅಂದಳು.

ಒಂದು ಬೆಳಗ್ಗೆ ಬೊಮ್ಮಕ್ಕನಿಗೆ ನೋವು ಶುರುವಾಯಿತು. ಗವಿಯೊಳಗೆ ಅವಳು ಕೂಗಿದ ಕೂಗಿಗೆ ಬಂಡೆಯೆಲ್ಲ ಗುಂಯ್ ಅಂದಿತು. ಅಂಥ ಕೂಗನ್ನು ಬೆಟ್ಟ ಹಿಂದೆಂದೂ ಕೇಳಿರಲಿಲ್ಲ. ಅದಕ್ಕೆ ಗಾಬರಿಯಾಯಿತು.

"ಪಾಲವ್ವಾ, ನಿನ್ನ ಮಗಳು ಒಡೆದು ಹೋಗ್ತಾ ಇದ್ದಾಳೆ! ಏನಾದರೂ ಮಾಡು!"

ಪಾಲವ್ವ ಗವಿಯೊಳಗೆ ಮಗಳ ಬೆನ್ನು ನೀವುತ್ತ ಕೂತಿದ್ದಳು. ಬಿಸಿಲು ಏರುವ ಹೊತ್ತಿಗೆ ಇನ್ನೊಂದು ಕೂಗು ಕೇಳಿತು. ಸಣ್ಣದು, ಕೀರಲು, ಹೊಚ್ಚ ಹೊಸದು. ಪಾಲವ್ವ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ತೋಳಲ್ಲಿ ಹೆಣ್ಣುಕೂಸು.

"ಒಡೆದು ಹೋಗಲಿಲ್ಲ ಬೆಟ್ಟಪ್ಪಾ. ಎರಡು ಜೀವ ಬೇರೆ ಬೇರೆ ಆಯ್ತು, ಅಷ್ಟೇ."

ಬೆಟ್ಟ ಬಗ್ಗಿ ನೋಡಿತು. ಒಳಗೆ ಬೊಮ್ಮಕ್ಕ ಸುಸ್ತಾಗಿ ಮಲಗಿದ್ದಳು, ಆದರೆ ಮುಖದಲ್ಲಿ ನಗು. ಅವಳು ಅವಳಾಗಿಯೇ ಇದ್ದಳು. ಕೂಸು ಕೂಸಾಗಿ ಇತ್ತು.

"ಬೇರೆಯಾದರೂ ಅವಳು ಕಡಿಮೆಯಾಗಲಿಲ್ಲವಲ್ಲ!"

"ಯಾಕೆ ಕಡಿಮೆಯಾಗ್ತಾಳೆ? ನಿನ್ನೆ ಬರೀ ಬೊಮ್ಮಕ್ಕ. ಇವತ್ತು ತಾಯಿ."

ಬೆಟ್ಟ ತಾಯಿಯನ್ನೂ ಕೂಸನ್ನೂ ಇನ್ನೊಮ್ಮೆ ನೋಡಿತು. ಆಮೇಲೆ ಮಕ್ಕಳನ್ನು ಕೇಳಿತು. "ನೀವೇನಂತೀರಿ?"

"ನಾನು ಹೆದರಲ್ಲ. ಆದರೆ ನಿನ್ನ ಬಿಟ್ಟು ದೂರ ಹೋಗಲ್ಲ" ಅಂದ ಬೆಣಚ.

"ನಾನು ಬಿಸಿಲು ನೋಡಬೇಕು" ಅಂದಳು ಕಾಗೆಬಂಗಾರ.

ಮೆದುವನಿಗೆ ಅಂಜಿಕೆ. ಆದರೆ ಗವಿಯೊಳಗಿನ ಕೂಸು ಹಸಿದು ಅಳುವುದು ಅವನಿಗೆ ಕೇಳಿಸುತ್ತಿತ್ತು. "ಮಣ್ಣಾದರೆ ಅದರ ಅವ್ವನಿಗೆ ಊಟ ಸಿಗುತ್ತಾ?" ಎಂದು ಕೇಳಿದ.

"ಸಿಗುತ್ತೆ" ಅಂದಳು ಪಾಲವ್ವ.

"ಹಾಗಾದರೆ ಹೋಗ್ತೀನಿ."

ಬೆಟ್ಟ ಸೂರ್ಯನನ್ನು ಕರೆಯಿತು. ಸೂರ್ಯ ಬಂಡೆಯನ್ನು ಹಗಲೆಲ್ಲ ಕಾಯಿಸಿದ. ಸಂಜೆಯಾದ ಮೇಲೆ ಚಳಿ ಬಂದು ತಣ್ಣಗೆ ಮಾಡಿತು. ಕಾಯಿಸುವುದು, ತಣಿಸುವುದು, ಕಾಯಿಸುವುದು, ತಣಿಸುವುದು. ಕೊನೆಗೆ ಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು, ಢಂ ಅಂತ ಸದ್ದು ಮಾಡಿ ಚಕ್ಕೆ ಚಕ್ಕೆಯಾಗಿ ಜಾರಿತು.

ಗಾಳಿ ಎಲ್ಲಿಂದಲೋ ಕಲ್ಲುಹೂವಿನ ಪುಡಿ ತಂದು ಬಂಡೆಯ ಮೇಲೆ ಉದುರಿಸಿತು. ಮಸಾಲೆಗೆ ಹಾಕುತ್ತೇವಲ್ಲ, ಅದೇ ಬೂದಿ ಬಣ್ಣದ ಕಲ್ಲುಹೂವು. "ನನಗೆ ಜಾಸ್ತಿ ಏನೂ ಬೇಡ. ಅಂಟಿಕೊಂಡು ಕೂರೋಕೆ ಬೆರಳಗಲ ಜಾಗ ಸಾಕು" ಅಂದಿತು ಅದು. ಕೂತ ಕಡೆಯೇ ಬಂಡೆಯನ್ನು ಮೆಲ್ಲಗೆ ಚೀಪತೊಡಗಿತು. ಅದು ಚೀಪಿದ ಸಂದಿಯಲ್ಲಿ ಮಳೆಹನಿ ಇಳಿಯಿತು.

ನೀರು ತಾಗಿದ್ದೇ ತಡ, ಮೆದುವನ ಮೈ ನೆನೆದು ಮೆತ್ತಗಾಯಿತು. "ಅಕ್ಕಾ, ನನ್ನ ಕೈ ಜಾರ್ತಾ ಇದೆ. ನಾನು ತುಂಬಾ ದೂರ ಹೋಗ್ತೀನೋ ಏನೋ."

ಕಾಗೆಬಂಗಾರ ಎಂದೂ ತೆರೆಯದ ಮುಷ್ಟಿ ತೆರೆದಳು. "ತಗೋ, ಇದು ನಮ್ಮ ಮನೆಯ ಕಬ್ಬಿಣ. ಮೈಗೆಲ್ಲ ಹಚ್ಚಿಕೋ. ಎಲ್ಲಿದ್ದರೂ ನಿನ್ನ ಗುರುತು ಸಿಗುತ್ತೆ."

ಮೆದುವ ಹಚ್ಚಿಕೊಂಡ. ಮಳೆಯೂ ಗಾಳಿಯೂ ಮುಟ್ಟಿದೊಡನೆ ಆ ಕಬ್ಬಿಣ ಕೆಂಪಗಾಯಿತು, ಹೊರಗೆ ಬಿಟ್ಟ ಕುಡುಗೋಲು ಕೆಂಪಗಾಗುತ್ತದಲ್ಲ, ಹಾಗೆ. ನಸುಗೆಂಪು ಹುಡುಗ ಕಡುಗೆಂಪಾದ. ಮೂವರೂ ಕೈ ಬಿಟ್ಟರು.

ಅಷ್ಟರಲ್ಲಿ ದೊಡ್ಡ ಮಳೆ ಬಂತು. ಮಗಾ, ಅದು ಸುರಿಯಲಿಲ್ಲ, ಬಿತ್ತು. ಹೊಸದಾಗಿ ಹುಟ್ಟಿದ ಮಣ್ಣೆಲ್ಲ ಕೆಂಪು ನೀರಾಗಿ ಇಳಿಜಾರಿನಲ್ಲಿ ನುಗ್ಗಿತು. "ಅಪ್ಪಾ! ಅಕ್ಕಾ!" ಎಂದು ಮೆದುವ ಕೂಗುತ್ತ ಹೋಗುತ್ತಿದ್ದ. ಕೆಳಗೆ ಹೊಳೆ ಬಾಯಿ ತೆರೆದು ಕಾಯುತ್ತಿತ್ತು. ಹೊಳೆಗೆ ಸೇರಿದರೆ ಮುಗಿಯಿತು, ಆಮೇಲೆ ಸಮುದ್ರವೇ.

ಪಾಲವ್ವ ಬುರುಡೆಯನ್ನು ಮಗಳ ಮಡಿಲಿಗೆ ಹಾಕಿ ಮಳೆಗೆ ಇಳಿದಳು. "ಎಲ್ಲಾ ಬನ್ರೋ! ಚಕ್ಕೆಗಲ್ಲು ಹೊರಿ! ಅಡ್ಡ ಹಾಕಿ!"

ಸೂರ್ಯ ಎಬ್ಬಿಸಿದ್ದ ಚಕ್ಕೆಗಳನ್ನೇ ಎತ್ತಿ ತಂದು, ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು ಜೋಡಿಸಿದರು. ನೀರು ಒಂದು ಸಾಲನ್ನು ಕೆಡವಿತು. ಅದರ ಕೆಳಗೆ ಇನ್ನೊಂದು ಕಟ್ಟಿದರು. ಅದನ್ನೂ ಕೆಡವಿತು. ಮತ್ತೂ ಕೆಳಗೆ ಓಡಿ ಇನ್ನೂ ಅಗಲವಾಗಿ ಕಟ್ಟಿದರು. ಪಾಲವ್ವ ಸಾಲಿನ ಮೇಲೆ ನಿಂತು ಮಳೆಗೆ ಹೇಳಿದಳು, "ಯಾಕಪ್ಪಾ ಇಷ್ಟು ಅವಸರ?"

"ಓಡೋದು ಬಿಟ್ಟು ನನಗೆ ಬೇರೆ ಗೊತ್ತಿಲ್ಲ!" ಅಂದಿತು ಮಳೆ.

"ಓಡು, ಬೇಡ ಅನ್ನಲ್ಲ. ಹೊತ್ತಿರೋದನ್ನ ಇಳಿಸಿ ಓಡು."

ಮಳೆಗೆ ಅದು ಹೊಳೆದೇ ಇರಲಿಲ್ಲ. ಬೆಣಚನೂ ಆಗ ಕೈಜೋಡಿಸಿದ. ಅವನು ಭಾರ, ನೀರಿಗೆ ಬೇಗ ಜಗ್ಗುವವನಲ್ಲ. ಇಳಿಜಾರಿನಲ್ಲೇ ನಿಂತು, ತನ್ನ ಹರಳುಗಳನ್ನೆಲ್ಲ ಹರಡಿ ನೀರಿನ ಕಾಲು ಹಿಡಿದ. ನೀರು ಎಡವಿತು, ನಿಧಾನವಾಯಿತು. ಕಲ್ಲಿನ ಸಾಲಿಗೆ ಬಂದು ನಿಂತು ಒಮ್ಮೆ ಉಸಿರು ತೆಗೆದುಕೊಂಡಿತು. ಆ ಒಂದು ಉಸಿರಿನಲ್ಲಿ ಮೆದುವ ಅದರ ಬೆನ್ನಿನಿಂದ ಇಳಿದುಬಿಟ್ಟ. ನೀರು ತಿಳಿಯಾಗಿ ಮುಂದೆ ಹೋಯಿತು. ಹೊಳೆಯ ಬಾಯಿಗೆ ಬಿದ್ದದ್ದು ಬರೀ ನೀರು.

ಮಳೆ ನಿಂತ ಮೇಲೆ ನೋಡಿದರೆ, ಬೆಟ್ಟದ ಬುಡದಲ್ಲಿ ಮೊಣಕಾಲುದ್ದ ಕೆಂಪು ಮಣ್ಣು, ಬೆಚ್ಚಗೆ ಹಬೆಯಾಡುತ್ತಿತ್ತು. ಜನ ಅದನ್ನು ತುಳಿಯಲೂ ಹೆದರಿ ಅಂಚಿನಲ್ಲೇ ನಿಂತರು. ಪಾಲವ್ವ ಹೆದರಲಿಲ್ಲ. ಬುರುಡೆಯ ಬಾಯಿ ಬಿಚ್ಚಿ, ಮೊದಲ ಹಿಡಿಯನ್ನು ಬೊಮ್ಮಕ್ಕನ ಕೈಗೆ ಕೊಟ್ಟಳು. ಬೊಮ್ಮಕ್ಕ ಕೂಸನ್ನು ಎದೆಗೆ ಕಟ್ಟಿಕೊಂಡು ಸಾಮೆ ಚೆಲ್ಲಿದಳು.

ಸಾಮೆ ಮೊಳೆಯಿತು. ಹುಲ್ಲು ತಾನಾಗಿ ಬಂತು. ಮೇಲಿನ ಸಂದಿಗಳಲ್ಲಿ ಗೋಣಿಮರದ ಬೇರು ಇಳಿಯಿತು. ಸುಗ್ಗಿಯ ದಿನ ಎಲ್ಲರ ಹೊಟ್ಟೆ ತುಂಬಿತು. ಬುರುಡೆಯಲ್ಲಿ ಹಿಡಿಸದಷ್ಟು ಬೀಜ ಉಳಿಯಿತು.

ಆದರೆ ಬೆಟ್ಟಕ್ಕೆ ಒಂದು ಕೊರಗಿತ್ತು. ಬೆಣಚ ಮೈಮೇಲೆಯೇ ಇದ್ದ, ಕಾಗೆಬಂಗಾರ ದಾರಿಯುದ್ದಕ್ಕೂ ಮಿನುಗುತ್ತಿದ್ದಳು. ಕಿರಿಯವನು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಮತ್ತೆ ಬಿತ್ತಿದ ಬೆಳೆಯ ಹಸಿರು ಅವನನ್ನು ಮುಚ್ಚಿಬಿಟ್ಟಿತ್ತು.

"ಪಾಲವ್ವಾ, ನನ್ನ ಮೆದುವ ಎಲ್ಲಿ?"

ಪಾಲವ್ವ ಹೊಲದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಆಗಷ್ಟೇ ನಡೆಯಲು ಕಲಿತ ಮಗು. ಅದರ ಅಂಗಾಲನ್ನು ಬೆಟ್ಟದ ಕಡೆ ತಿರುಗಿಸಿ ಹಿಡಿದಳು. ಅಂಗಾಲು ಕೆಂಪು ಕೆಂಪು.

"ಇಲ್ಲಿದ್ದಾನೆ ನೋಡು. ಎಷ್ಟು ತೊಳೆದರೂ ಇವಳನ್ನ ಬಿಡಲ್ಲ ಅಂತಾನೆ."

ಬೆಟ್ಟ ನಕ್ಕಿತು. ಆ ನಗುವಿಗೆ ಇನ್ನೊಂದು ಚಕ್ಕೆ ಕಳಚಿ ಬಿತ್ತು. ಬೆಟ್ಟ ಹೆದರಲಿಲ್ಲ.

ಈಗಲೂ ಬೇಸಿಗೆಯಲ್ಲಿ ನಮ್ಮ ಬೆಟ್ಟ ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತಲೇ ಇದೆ, ಮಗಾ. ನೀನು ಹತ್ತಿ ಇಳಿದು ಬಂದಾಗ ನಿನ್ನ ಕಾಲು ನೋಡಿಕೋ: ಮೇಲೆ ಇಳಿಜಾರಿನಲ್ಲಿ ಚುಚ್ಚಿದ ಬಿಳಿ ಗರಸು ಆ ಅಣ್ಣ, ಬೆರಳ ಸಂದಿಯಲ್ಲಿ ಮಿನುಗುವುದು ಆ ಅಕ್ಕ, ಬುಡದ ಹೊಲಕ್ಕೆ ಬಂದೊಡನೆ ಅಂಗಾಲಿಗೆ ಮೆತ್ತಿಕೊಂಡು ಮನೆಯವರೆಗೂ ಬರುವ ಕೆಂಪು ಮಣ್ಣು ಆ ಮೆದುವ.