ಹುಡುಕಿದವರ ಲೆಕ್ಕ

"ಗುರುಗಳೇ, ಒಂದು ಸಿನಿಮಾದ ಹೆಸರನ್ನು ಲಕ್ಷಗಟ್ಟಲೆ ಜನ ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಅದು ಅವರಿಗೆ ಇಷ್ಟವಾಗಿದೆ ಎಂದೇ ಅರ್ಥವಲ್ಲವೇ?" ಎಂದು ಚಿದಂಬರ ಕೇಳಿದ.

ಚಿದಂಬರ ಒಂದು ಪತ್ರಿಕೆಗೆ ಸಿನಿಮಾ ಕುರಿತು ಬರೆಯುತ್ತಿದ್ದ ಶಿಷ್ಯ. ಮಾಯಾಲೋಕದ ಸಿನಿಮಾಗಳಲ್ಲಿ ಜನ ಯಾವುದನ್ನು ಹೆಚ್ಚು ಮೆಚ್ಚಿದ್ದಾರೆ ಎಂದು ಹುಡುಕಾಟದ ಅಂಕಿಗಳನ್ನು ನೋಡಿ ಲೇಖನ ಸಿದ್ಧಪಡಿಸಿದ್ದ. ಎದುರಿಗೆ ನಿಂತು ಕೇಳಿದರೆ ಜನ ಸುಳ್ಳು ಹೇಳಬಹುದು, ಒಬ್ಬರೇ ಕೂತು ಫೋನಿನಲ್ಲಿ ಹುಡುಕುವಾಗ ಹೇಳುವುದಿಲ್ಲ ಎಂಬುದು ಅವನ ವಾದ. ಅವನು ಮೊದಲ ಸ್ಥಾನದಲ್ಲಿಟ್ಟ ಸಿನಿಮಾದ ಹೆಸರು ಕೇಳಿ ಗುರುಗಳ ಮುಖ ಬಿಗಿಯಿತು.

"ಕೂತುಕೋ. ಆ ಸಿನಿಮಾದ ಕತೆ ಹೇಳುತ್ತೇನೆ. ಪರದೆಯ ಮೇಲಿನದ್ದಲ್ಲ" ಎಂದರು.

ಒಬ್ಬ ನಿರ್ಮಾಪಕನಿದ್ದ. ರೆಕ್ಕೆಯಿರುವ ಕನ್ಯೆಯೊಬ್ಬಳು ಮಾಂತ್ರಿಕನ ಕೋಟೆಯ ಮೇಲೆ ಹಾರುವ ಸಿನಿಮಾ ಮಾಡುತ್ತಿದ್ದ. ನಾಯಕಿಗೆ ಎತ್ತರವೆಂದರೆ ಭಯ. ಹಗ್ಗಕ್ಕೆ ತೂಗುಬಿದ್ದು ಹಾರುವುದಕ್ಕೆ ಗದಗ ಸೀಮೆಯ ಒಂದು ಸಣ್ಣ ಊರಿನಿಂದ ನೀಲವ್ವ ಎಂಬ ಹುಡುಗಿಯನ್ನು ಸಾಹಸ ದೃಶ್ಯಗಳ ಗುತ್ತಿಗೆದಾರನೊಬ್ಬ ಕರೆತಂದಿದ್ದ. ಅವಳು ಮಲ್ಲಕಂಬದವಳು. ಅಣ್ಣ ಫಕ್ಕೀರೇಶ ಊರಿನ ಗರಡಿಯಲ್ಲಿ ಅವಳಿಗೆ ಕಂಬ ಏರುವುದನ್ನೂ ಹಗ್ಗ ಹಿಡಿಯುವುದನ್ನೂ ಕಲಿಸಿದ್ದ. ಪರದೆಯ ಮೇಲೆ ಮುಖ ನಾಯಕಿಯದು, ಹಾರುವ ಮೈ ನೀಲವ್ವನದು.

ನಿರ್ಮಾಪಕನ ಕಚೇರಿಯಲ್ಲಿ ಶ್ರೀಪಾಲ ಎಂಬ ಯುವಕನಿದ್ದ. ಯಾವ ಸಿನಿಮಾವನ್ನು ಎಷ್ಟು ಜನ ಹುಡುಕುತ್ತಿದ್ದಾರೆ, ಯಾವ ಊರಿನಿಂದ ಹುಡುಕುತ್ತಿದ್ದಾರೆ ಎಂದು ನೋಡಿ ಹೇಳುವುದು ಅವನ ಕೆಲಸ. ಬಹಳ ದಿನ ಅವನ ಬಳಿ ಹೇಳುವುದಕ್ಕೆ ಏನೂ ಇರಲಿಲ್ಲ. ಬೇರೆಯವರ ಭೂತದ ಸಿನಿಮಾ, ಬೇರೆಯವರ ನಾಗಲೋಕದ ಸಿನಿಮಾ ಮೇಲೇರುತ್ತಿದ್ದವು. ಹುಡುಕಾಟದ ಏರಿಳಿತ ತೋರಿಸುವ ಅವನ ಪರದೆಯಲ್ಲಿ ಇವರ ಕನ್ಯೆಯ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಟ್ರೈಲರ್ ಬಿಟ್ಟರು, ಜನ ನೋಡಿದರು, ಮರೆತರು. ನಿರ್ಮಾಪಕ ದಿನಾ ಬೆಳಗ್ಗೆ ಶ್ರೀಪಾಲನನ್ನು ಬೈಯುತ್ತಿದ್ದ, ಆ ಗೆರೆಯನ್ನು ಮಲಗಿಸಿದವನು ಅವನೇ ಎಂಬಂತೆ.

ಬಿಡುಗಡೆ ಹತ್ತಿರ ಬಂದಾಗ, ಕೋಟೆಯ ಮೇಲಿನ ಹಾರಾಟವನ್ನು ಇನ್ನೂ ಎತ್ತರದಿಂದ ತೆಗೆಯಬೇಕೆಂದು ನಿರ್ಮಾಪಕ ಹಟ ಹಿಡಿದ. ಹಗ್ಗ ನೋಡಿಕೊಳ್ಳುವವನು ಬಂದು, ಹಗ್ಗವನ್ನು ಮೇಲೆತ್ತುವ ತಂತಿ ಸವೆದಿದೆ, ಬದಲಿಸದೆ ಆಗುವುದಿಲ್ಲ ಎಂದ. ಬದಲಿಸಿದರೆ ಅಂದಿನ ಶೂಟಿಂಗ್ ನಿಲ್ಲುತ್ತಿತ್ತು. ನಿಲ್ಲಿಸಬೇಡ ಎಂದು ನಿರ್ಮಾಪಕ ಹೇಳಿದ. ನೀಲವ್ವನಿಗೆ ಈ ಮಾತನ್ನು ಯಾರೂ ತಿಳಿಸಲಿಲ್ಲ. ಅವಳು ರೆಕ್ಕೆ ಕಟ್ಟಿಕೊಂಡು ಮೇಲೇರಿದಳು. ತಂತಿ ಹರಿಯಿತು.

ಅವಳಲ್ಲಿ ಇನ್ನೂ ಜೀವವಿತ್ತು. ಆಸ್ಪತ್ರೆಗೆ ಒಯ್ದರು. ದಾಖಲು ಮಾಡುವಾಗ ಅವಳ ಹೆಸರನ್ನೂ ಕೊಡಲಿಲ್ಲ; ಕಂಪನಿಯ ಕೆಲಸದವಳು ಎಂದರು. ಅಣ್ಣನಿಗೆ ಫೋನ್ ಮಾಡಿ ಎಂದು ಅವಳು ಕೇಳುತ್ತಿದ್ದಳು. ಅವಳ ಫೋನನ್ನು ಕಂಪನಿಯವರು ತೆಗೆದಿಟ್ಟುಕೊಂಡಿದ್ದರು. ಬಿಡುಗಡೆಯಾಗುವವರೆಗೆ ಯಾರೂ ಬಾಯಿ ಬಿಡಕೂಡದು ಎಂದು ಕಚೇರಿಯವರಿಗೆಲ್ಲ ತಾಕೀತಾಯಿತು. ಅವಳು ಯಾವ ಆಸ್ಪತ್ರೆಯಲ್ಲಿದ್ದಾಳೆ ಎಂಬುದು ಶ್ರೀಪಾಲನಿಗೂ ಗೊತ್ತಿತ್ತು. ಅವನೂ ಬಾಯಿ ಬಿಡಲಿಲ್ಲ.

ಆದರೆ ಸೆಟ್ಟಿನಲ್ಲಿದ್ದ ಯಾರೋ ಅವಳು ಬೀಳುವುದನ್ನು ಫೋನಿನಲ್ಲಿ ತೆಗೆದಿದ್ದರು. ಅದು ಹೊರಗೆ ಹೋಯಿತು. ಈ ಸಿನಿಮಾದ ಸೆಟ್ಟಿನಲ್ಲಿ ರೆಕ್ಕೆ ಕಟ್ಟಿದ ಹುಡುಗಿಯೊಬ್ಬಳು ಬಿದ್ದಳು ಎಂದಷ್ಟೇ ಸುದ್ದಿ. ಮಧ್ಯಾಹ್ನದ ಹೊತ್ತಿಗೆ ಶ್ರೀಪಾಲನ ಪರದೆಯಲ್ಲಿ ಮಲಗಿದ್ದ ಗೆರೆ ಎದ್ದು ನಿಂತಿತು. ಸಂಜೆಯೊಳಗೆ ಬೇರೆಲ್ಲ ಸಿನಿಮಾಗಳೂ ಅದರ ಕಾಲ ಕೆಳಗಿದ್ದವು.

ಜನ ಸಿನಿಮಾದ ಹೆಸರಿನ ಜೊತೆಗೆ ಇನ್ನೇನು ಸೇರಿಸಿ ಹುಡುಕುತ್ತಿದ್ದಾರೆ ಎಂಬುದೂ ಅವನಿಗೆ ಕಾಣುತ್ತಿತ್ತು. ಬದುಕಿದ್ದಾಳೆಯೇ, ಯಾವ ಆಸ್ಪತ್ರೆ, ಯಾರ ಮಗಳು ಎಂದು ಹುಡುಕುತ್ತಿದ್ದರು. ಅವನು ಅದನ್ನು ನಿರ್ಮಾಪಕನಿಗೆ ತೋರಿಸಿದ.

"ಯಾಕೆ ಹುಡುಕುತ್ತಾರೆ ಅನ್ನೋದು ನನಗೆ ಬೇಡ. ಎಷ್ಟು ಜನ ಅನ್ನೋದು ಹೇಳು" ಎಂದ ನಿರ್ಮಾಪಕ.

ಶ್ರೀಪಾಲ ಆ ಮಾತುಗಳನ್ನು ಅಳಿಸಿ, ಗೆರೆಯನ್ನು ಮಾತ್ರ ಉಳಿಸಿ ಕೊಟ್ಟ. ಜನಸಂಖ್ಯೆಗೆ ಹೋಲಿಸಿದರೆ ಎಲ್ಲಕ್ಕಿಂತ ಹೆಚ್ಚು ಹುಡುಕಿದ್ದು ಗದಗ ಸೀಮೆಯ ಒಂದು ಸಣ್ಣ ಊರಿನವರು ಎಂದೂ ಹೇಳಿದ. ಅದು ಯಾರ ಊರೆಂದು ಅವನಿಗೆ ತಿಳಿದಿರಲಿಲ್ಲ. ನೀಲವ್ವ ಎಲ್ಲಿಯವಳು ಎಂದು ಆ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ನಾಡಿನ ಉದ್ದಗಲಕ್ಕೆ ಪೋಸ್ಟರ್ ಬಿದ್ದವು. 'ಇಡೀ ನಾಡು ಹುಡುಕುತ್ತಿರುವ ಸಿನಿಮಾ' ಎಂದು ಅವುಗಳ ಮೇಲೆ ಬರೆಸಿದ್ದರು. ಬೆನ್ನು ತಿರುಗಿಸಿದ್ದ ವಿತರಕರು ಹಾರ ಹಿಡಿದು ಬಂದರು. ಅಷ್ಟೊಂದು ಪ್ರೀತಿ ತೋರಿಸಿದ ಊರಿನಲ್ಲೇ ಮೊದಲ ಆಟ ನೋಡಬೇಕು ಎಂದು ನಿರ್ಮಾಪಕ ತೀರ್ಮಾನಿಸಿದ. ಅಲ್ಲಿನ ಟಾಕೀಸಿನ ಮುಂದೆ ಅತಿ ಎತ್ತರದ ಕಟೌಟ್ ನಿಲ್ಲಿಸಿದರು. ರೆಕ್ಕೆ ಬಿಚ್ಚಿ ಹಾರುವ ಕನ್ಯೆ.

ಶ್ರೀಪಾಲನನ್ನೂ ಕರೆದುಕೊಂಡು ಹೊರಟ. ಅವರ ಕಾರು ತಲುಪಿದಾಗ ಟಾಕೀಸಿನ ಮುಂದೆ ಊರಿಗೆ ಊರೇ ನಿಂತಿತ್ತು. ನಿರ್ಮಾಪಕ ಖುಷಿಯಿಂದ ಇಳಿದು ಕೈಯೆತ್ತಿದ. ಯಾರೂ ಕೈಯೆತ್ತಲಿಲ್ಲ. ಟಿಕೆಟ್ ಕಿಂಡಿಯ ಹತ್ತಿರ ಒಬ್ಬರೂ ಇರಲಿಲ್ಲ. ಗರಡಿಯ ಹುಡುಗಿಯರು ತೋಳಿಗೆ ತೋಳು ಸೇರಿಸಿ ಬಾಗಿಲಿಗೆ ಅಡ್ಡ ನಿಂತಿದ್ದರು.

ನಿರ್ಮಾಪಕ ಮೆಲ್ಲಗೆ, ಯಾರಿವರೆಲ್ಲ ಎಂದು ಶ್ರೀಪಾಲನನ್ನು ಕೇಳಿದ.

ಅಷ್ಟರಲ್ಲಿ ನೀಲವ್ವನ ಅಣ್ಣ ಫಕ್ಕೀರೇಶ ಮುಂದೆ ಬಂದ. ಅವನು ಕೂಗಾಡಲಿಲ್ಲ.

"ಆವತ್ತು ನಿಮ್ಮ ಸಿನಿಮಾದ ಹೆಸರು ಈ ಊರಾಗ ಎಲ್ಲಾರೂ ಹುಡುಕ್ಯಾರ್ರಿ. ಹುಡುಕಿಲ್ಲ ಅನ್ನೂದಿಲ್ಲ. ನಾನು ಬಸ್ಸಿನಾಗ ಕುಂತು ದಾರಿ ಉದ್ದಕ್ಕೂ ಹುಡುಕೀನಿ. ನಿಮಗ ಫೋನ್ ಹಚ್ಚಿದ್ರ ಎತ್ತಲಿಲ್ಲ. ಇಲ್ಲೆ ನಮ್ಮವ್ವ ಓದಾಕ ಬರದಾಕಿ, ಮಂದಿ ಕೈಕಾಲು ಹಿಡಿದು ಹುಡುಕ್ಸ್ಯಾಳ. ನಮ್ಮ ಹುಡುಗಿ ಅದಾಳೋ ಇಲ್ಲೋ ಅಂತ ಕೇಳಿದ್ವಿ. ನೀವು ಅದಕ್ಕ ಪ್ರೀತಿ ಅಂತ ಹೆಸರಿಟ್ಟು ಗ್ವಾಡಿಗೆ ಹಚ್ಚೀರಿ."

ಅವನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ತಂಗಿಯನ್ನು ಕಂಡುಹಿಡಿಯುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು. ಕೊನೆಯವರೆಗೂ ಬಾಗಿಲ ಕಡೆ ನೋಡುತ್ತಿದ್ದಳು ಎಂದು ನರ್ಸ್ ಹೇಳಿದ್ದಳು. ಇದನ್ನು ಅವನು ನಿರ್ಮಾಪಕನಿಗೆ ಹೇಳಲಿಲ್ಲ, ಶ್ರೀಪಾಲನ ಕಡೆ ತಿರುಗಿ ಹೇಳಿದ. ಯಾಕೆ ತನ್ನ ಕಡೆಗೇ ತಿರುಗಿದ ಎಂಬುದು ಶ್ರೀಪಾಲನಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಊರವರು ಕಟೌಟನ್ನು ನೆಲಕ್ಕಿಳಿಸಿದರು. ಚಿತ್ರದಲ್ಲಿ ಹಗ್ಗವನ್ನು ಅಳಿಸಿದ್ದರೂ, ಕನ್ಯೆ ಕಾಲನ್ನು ಹಗ್ಗಕ್ಕೆ ಸುತ್ತಿ ಹೆಬ್ಬೆರಳಿನಿಂದ ಅದುಮಿ ಹಿಡಿದ ರೀತಿ ನೋಡಿ ಗರಡಿಯ ಹುಡುಗಿಯರು ಅಳತೊಡಗಿದರು. ಹಾಗೆ ಹಿಡಿಯುವುದನ್ನು ಅವರಿಗೆಲ್ಲ ಕಲಿಸಿದವಳು ನೀಲವ್ವನೇ. ಫಕ್ಕೀರೇಶ ಗರಗಸ ತರಿಸಿ, ಕಟೌಟಿನ ಕತ್ತು ಕೊಯ್ದು, ನಾಯಕಿಯ ಮುಖವಿದ್ದ ಹಲಗೆಯನ್ನು ನಿರ್ಮಾಪಕನ ಕಾರಿನ ಮೇಲೆ ಇಟ್ಟ.

"ಇದು ನಿಮ್ಮದು. ಒಯ್ರಿ" ಎಂದ.

ಉಳಿದದ್ದನ್ನು ಊರವರು ಹೆಗಲ ಮೇಲೆ ಹೊತ್ತು ಗರಡಿಗೆ ಕೊಂಡೊಯ್ದರು. ನಿರ್ಮಾಪಕನಿಗೆ ಯಾರೂ ಕೈ ಹಚ್ಚಲಿಲ್ಲ. ದಾರಿ ಬಿಟ್ಟರು. ಅಂದು ಆ ಊರಿನಲ್ಲಿ ಆಟ ನಡೆಯಲಿಲ್ಲ.

ಕಾರು ಊರು ದಾಟುವಷ್ಟರಲ್ಲಿ ಈ ಗಲಾಟೆಯ ವಿಡಿಯೋ ಎಲ್ಲ ಕಡೆ ಹರಡಿತ್ತು. ಸಿನಿಮಾದ ಹೆಸರು ಮತ್ತೆ ಮೇಲೇರಿತು, ಮೊದಲಿಗಿಂತಲೂ ಎತ್ತರಕ್ಕೆ. ನಿರ್ಮಾಪಕ ಮುಖ ಒರೆಸಿಕೊಂಡು ಕೇಳಿದ, "ಎಷ್ಟಾಯಿತು?"

"ಕಾರು ನಿಲ್ಲಿಸಿ" ಎಂದ ಶ್ರೀಪಾಲ. ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಆ ಊರಿನವರೆಗೂ ಹೋದ. ಗರಡಿಯ ಬಾಗಿಲಲ್ಲಿ ನಿಂತ. ಒಳಗೆ ಹೋಗುವ ಮುಖ ಅವನಿಗಿರಲಿಲ್ಲ.

ಬೇರೆ ಊರುಗಳಲ್ಲಿ ಸಿನಿಮಾ ಓಡಿತು. ತಂತಿಯ ವಿಷಯವನ್ನು ಯಾರೂ ವಿಚಾರಿಸಲಿಲ್ಲ. ನಿರ್ಮಾಪಕ ಈಗ ಅದರ ಎರಡನೆಯ ಭಾಗ ಮಾಡುತ್ತಿದ್ದಾನೆ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅವರು ಅಷ್ಟು ಸಿಟ್ಟಾದದ್ದನ್ನು ಚಿದಂಬರ ಎಂದೂ ಕಂಡಿರಲಿಲ್ಲ. ಅವನು ಅಳುಕುತ್ತಲೇ ಕೇಳಿದ.

"ಹಾಗಾದರೆ ಶ್ರೀಪಾಲನ ಲೆಕ್ಕದಲ್ಲಿ ತಪ್ಪೆಲ್ಲಿತ್ತು, ಗುರುಗಳೇ?"

"ಲೆಕ್ಕ ಸರಿಯಾಗಿಯೇ ಇತ್ತು. ಹುಡುಕಿದವರು ಅವಳೆಲ್ಲಿ ಎಂದು ಕೇಳುತ್ತಿದ್ದರು; ಉತ್ತರ ಗೊತ್ತಿದ್ದವನು ಅವರನ್ನು ಎಣಿಸುತ್ತ ಕೂತಿದ್ದ."