ಗರಿಕವ್ವನ ಬಾಣಂತಿಕೋಣೆ

ಮಕ್ಕಳೇ, ಕಾರೆಗುಡ್ಡವೆಂಬುದೊಂದು ಗುಡ್ಡ. ನಾಲ್ಕು ಕಾಲಿದ್ದವರೂ ನೆಟ್ಟಗೆ ನಿಲ್ಲಲು ಹೆಣಗಬೇಕು, ಅಷ್ಟು ಕಡಿದಾದ ಇಳಿಜಾರು ಅದು. ಅಲ್ಲಿ ಮನೆ ಕಟ್ಟುವವರೆಲ್ಲ ಹುಡುಕಿಕೊಂಡು ಹೋಗುತ್ತಿದ್ದುದು ಚಿಪ್ಪುಹಂದಿ ಚಿಪ್ಪಣ್ಣನನ್ನು. ಅವನ ಉಗುರಿಗೆ ಮಣ್ಣಿನ ಮರ್ಮ ತಿಳಿದಿತ್ತು. ಅವನ ಕೊರತೆ ಒಂದೇ, ದಾಕ್ಷಿಣ್ಯ. ಯಾರು ಏನು ಕೇಳಿದರೂ "ಆಗಲಿ" ಎಂದುಬಿಡುತ್ತಿದ್ದ.

"ಚಿಪ್ಪಣ್ಣ 'ಆಗದು' ಎಂದ ದಿನ ಮೊಲಕ್ಕೆ ಕೊಂಬು ಮೂಡೀತು!" ಎಂದು ಗೊರವಂಕ ಹಕ್ಕಿ ಅತ್ತಿಮರದ ಮೇಲಿನಿಂದ ಹಂಗಿಸುತ್ತಿತ್ತು.

ಮಳೆಗಾಲ ಸಮೀಪಿಸಿದಾಗ ತುಂಬು ಬಸುರಿಯಾದ ಮೊಲ ಗರಿಕವ್ವ ಅವನ ಬಳಿಗೆ ಬಂದಳು.

"ಮಾವಾ, ಮರಿಗಳು ಹುಟ್ಟುವುದರೊಳಗೆ ನನಗೊಂದು ಮನೆಯಾಗಬೇಕು."

ಗರಿಕವ್ವ ಅವನು ಎತ್ತಿ ಆಡಿಸಿದ ಕೂಸು. ಚಿಪ್ಪಣ್ಣ ಹಿಗ್ಗಿನಿಂದ ಗುಡ್ಡದ ಮೈ ಕೊರೆದ. ಗಟ್ಟಿ ನೆಲ ಸಿಕ್ಕ ಮೇಲೆಯೇ ಪಾಯಕ್ಕೆ ಕಲ್ಲಿಟ್ಟ. ಅಗೆದ ಮಣ್ಣನ್ನು ಇಳಿಜಾರಿನ ಕಡೆಗೆ ಸುರಿದ. ಅದು ಹರಡಿಕೊಂಡು ಹೊಸದೊಂದು ಅಂಗಳದಂತೆ ಕಂಡಿತು.

ಗರಿಕವ್ವ ಅದರ ಮೇಲೆ ನಿಂತು ಸುತ್ತಲೂ ನೋಡಿದಳು. "ಬಾಣಂತಿಕೋಣೆ ಇಲ್ಲೇ ಇರಲಿ ಮಾವ! ಎಳೆಬಿಸಿಲು ಬೀಳುತ್ತದೆ, ಹುಲ್ಲುಗಾವಲು ಕಾಣುತ್ತದೆ. ಬಾಣಂತನಕ್ಕೆ ಬರುವ ನಮ್ಮಮ್ಮ ಮೂಗಿನ ಮೇಲೆ ಬೆರಳಿಡಬೇಕು."

ಸುರಿದ ಮಣ್ಣು ನೆಲವಲ್ಲವೆಂದು ಚಿಪ್ಪಣ್ಣನಿಗೆ ಗೊತ್ತಿತ್ತು. ನೀರು ಕುಡಿದರೆ ಕುಸಿಯುತ್ತದೆ. ಅಲ್ಲಿ ಗೋಡೆ ಏಳಬೇಕಾದರೆ ಪಾಯ ಆ ಮಣ್ಣನ್ನೆಲ್ಲ ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಇಳಿಯಬೇಕು. ಮಳೆಯೋ ತಲೆಯ ಮೇಲೆ ಕೂತಿದೆ.

"ಅಲ್ಲ ಮಗಳೇ, ಅದು..."

ಗರಿಕವ್ವನ ಕಿವಿಗಳು ಜೋತುಬಿದ್ದವು. "ಆಗುವುದಿಲ್ಲವೇ ಮಾವ?"

"ಆಗಲಿ, ಆಗಲಿ. ಚೆನ್ನಾಗಿ ತುಳಿದು ಗಟ್ಟಿ ಮಾಡಿದರಾಯಿತು!"

ಚಿಪ್ಪಣ್ಣ ತುಳಿದೇ ತುಳಿದ. ತುಳಿದದ್ದು ಮಣ್ಣನ್ನಷ್ಟೇ ಅಲ್ಲ, ತನ್ನ ಅಳುಕನ್ನೂ. ಕೋಣೆ ಎದ್ದಿತು.

ಮೊದಲ ದೊಡ್ಡ ಮಳೆ ಹಿಡಿದಾಗ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಓಡಿಬಂದು ನೋಡಿದರೆ, ಗಟ್ಟಿ ನೆಲವೂ ಸುರಿದ ಮಣ್ಣೂ ಕೂಡುವಲ್ಲಿ ಗೋಡೆ ಬಿರುಕು ಬಿಟ್ಟಿತ್ತು. ಒಳಗೆ ಗರಿಕವ್ವ ಮರಿಗಳಿಗಾಗಿ ತನ್ನ ತುಪ್ಪಳ ಕಿತ್ತು ಹಾಸುತ್ತಿದ್ದಳು.

"ಹೊರಗೆ ಬಾ!"

"ಈ ಮಳೆಯಲ್ಲೇ? ನೀವೇ ಒಳಗೆ ಬನ್ನಿ, ನೆನೆದು ತೊಪ್ಪೆಯಾಗಿದ್ದೀರಿ."

ಚಿಪ್ಪಣ್ಣ ಅವಳನ್ನು ಹೊರಗೆಳೆದ. ಮರುಗಳಿಗೆಯಲ್ಲೇ ಬಾಣಂತಿಕೋಣೆ ಹಾಸಿಗೆಯ ಸಮೇತ ಇಳಿಜಾರಿನಲ್ಲಿ ಜಾರಿಹೋಯಿತು.

ಗರಿಕವ್ವ ಕೇಳಿದಳು: "ಹೀಗಾಗುತ್ತದೆಂದು ನಿಮಗೆ ತಿಳಿದಿತ್ತೇ?"

"ತಿಳಿದಿತ್ತು ಮಗಳೇ. ನಿನ್ನ ಮುಖ ಬಾಡೀತೆಂದು ಹೇಳಲಿಲ್ಲ."

"ಬಾಡಿದ ಮುಖ ಸಂಜೆಯ ಹೊತ್ತಿಗೆ ಅರಳುತ್ತಿತ್ತು, ಮಾವ! ಮರಿಗಳು ಆ ಹಾಸಿಗೆಯಲ್ಲಿ ಮಲಗಿದ್ದಿದ್ದರೆ?"

ಚಿಪ್ಪಣ್ಣ ತಲೆ ತಗ್ಗಿಸಿದ. ಆಮೇಲೆ ಉಳಿದ ಮನೆಯ ಹಿಂದೆ ಗುಡ್ಡದೊಳಕ್ಕೇ ಹೊಸ ಕೋಣೆ ಕೊರೆಯತೊಡಗಿದ.

"ಬಹಳ ಕತ್ತಲೆ," ಎಂದಳು ಗರಿಕವ್ವ. "ಈ ಪಕ್ಕದ ಗೋಡೆ ಒಡೆದು ಒಂದು ಕಿಟಕಿ ಇಡಬಾರದೇ?"

"ಆ ಗೋಡೆ ಮೇಲಿನ ಭಾರವನ್ನೆಲ್ಲ ಹೊತ್ತಿದೆ. ಆಗದು."

ಮತ್ತೆ ಅವೇ ಕಿವಿಗಳು ಜೋತುಬಿದ್ದವು. ಆದರೂ ಆಡಿದ ಮಾತನ್ನು ಚಿಪ್ಪಣ್ಣ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಬಾಗಿಲನ್ನಾದರೂ ತುಸು ಅಗಲ ಮಾಡಬಹುದೇ?"

"ಅದು ಆಗುತ್ತದೆ ತಾಯಿ. ಈಗಲೇ ಮಾಡುತ್ತೇನೆ."

ಮರಿಗಳು ಹುಟ್ಟಿದ ದಿನ ಗುಡ್ಡವೇ ಕರಗುವಂತೆ ಮಳೆ ಸುರಿಯಿತು. ಚಿಪ್ಪಣ್ಣ ಹೊರಗೆ ನಿಂತು, ಮಣ್ಣು ಎಲ್ಲಾದರೂ ಸರಿದೀತೇ ಎಂದು ಗೋಡೆಗೆ ಕಿವಿಯಿಟ್ಟು ಆಲಿಸಿದ. ಮರಿಗಳು ಹಾಲು ಚೀಪುವ ಸದ್ದೊಂದೇ ಕೇಳಿಸಿತು.

ನೀತಿ: ಮುಖ ಬಾಡೀತೆಂದು ನಿಜವನ್ನು ನುಂಗುವುದು ಪ್ರೀತಿಯಲ್ಲ, ಹಿತ ಬಯಸುವವರು "ಆಗದು" ಎನ್ನಲೂ ಕಲಿಯಬೇಕು.